ಬಾಣ ಎಳೆದು ಮಾಡಿದ ಸ್ವಾಗತ

ಮನುಷ್ಯ ಸತ್ತರೂ ಅವನ ಕಸುಬು ಸಾಯಬಾರದು. ಅದನ್ನು ಬದುಕಿಸಿ ತೋರಿಸುವ ಗಂಡು ತುಮಕೂರಿನ ಬಟವಾಡಿಯಲ್ಲಿ ಒಬ್ಬನಿದ್ದಾನೆ, ಅದು ನಾನು! ಹೀಗೆಂದು ಈ ಬೇಸಿಗೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಘೋಷಿಸಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಭೂಮಿಕಾ ಒಬ್ಬಳೇ.

ಯೋಗನರಸಿಂಹ ನನ್ನ ಗೆಳೆಯ, ಅಡುಗೆ ಕಾಂಟ್ರಾಕ್ಟಿನಲ್ಲಿ ಪಾಲುದಾರ. ಮಾಘಮಾಸದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ನಮ್ಮ ಬೋರ್ಡಿನ ಮೇಲಿರುವುದು ಅವನೊಬ್ಬನ ಹೆಸರು. ಅವನ ಹೆಂಡತಿ ಮೈತ್ರೇಯಿ ಆಗಲೇ ಹೇಳಿದ್ದರು: "ಅವರ ಥರ ನಡೆಸಕ್ಕಾದ್ರೆ ಹೆಸರು ಇರ್ಲಿ. ಆಗ್ದಿದ್ರೆ ಇಳಿಸ್ಬಿಡಿ." ಆ ಬೋರ್ಡು ಇಳಿಯಕೂಡದು ಎಂಬುದೇ ನನ್ನ ಹಟ.

ಅವನ ಥರ ಎಂದರೆ, ಹೊಸ ಗಿರಾಕಿ ಫೋನ್ ಮಾಡಿದರೆ ಗುಬ್ಬಿಯಾಗಲಿ ಕುಣಿಗಲ್ಲಾಗಲಿ ಸ್ಕೂಟರ್ ಹತ್ತಿ ಮನೆಗೇ ಹೋಗುವುದು. ಕಾಫಿ ಕುಡಿದು ಮಳೆ ಬೆಳೆ ಮಾತಾಡಿ ಏಳುವ ಹೊತ್ತಿಗೆ ಎಷ್ಟು ಎಲೆ, ಯಾವ ಪಾಯಸ ಎಲ್ಲ ತೀರ್ಮಾನವಾಗಿರುತ್ತಿತ್ತು. ನನಗೆ ಅಷ್ಟು ಮಾತು ಬರುವುದಿಲ್ಲ. ಅದಕ್ಕೇ, ಕೋಡ್ ಬರೆಯುವ ಗೋಜಿಲ್ಲದೆ, ಪರದೆಯ ಮೇಲೆ ಬಾಕ್ಸಿನಿಂದ ಬಾಕ್ಸಿಗೆ ಬಾಣ ಎಳೆದರೆ ತಾನಾಗಿಯೇ ಗಿರಾಕಿಯನ್ನು ಮಾತಾಡಿಸುವ ಒಂದು ಸಾಧನ ಹಿಡಿದೆ. ಹೊಸ ನಂಬರಿನಿಂದ ಮೆಸೇಜ್ ಬಂದರೆ ಸ್ವಾಗತ, ಅಲ್ಲಿಂದ ಬಾಣ, ಯಾರ ಸಮಾರಂಭ, ಬಾಣ, ಹಾರೈಕೆ, ಬಾಣ, ಎಷ್ಟು ಎಲೆ. ಪ್ರತಿ ಮೆಸೇಜಿನ ಕೊನೆಗೂ ಸಹಿ: "ಪ್ರೀತಿಯಿಂದ, ಯೋಗನರಸಿಂಹ." ಅಲ್ಲಿ ನನ್ನ ಹೆಸರು ಹಾಕಲು ಕೈ ಬರಲಿಲ್ಲ.

"ಯೋಗಿಯಣ್ಣ ಕಾಫಿ ಕುಡ್ದು ಮಾಡ್ತಿದ್ದಿದ್ದನ್ನ ನೀವು ಬಾಣ ಬಿಟ್ಟು ಮಾಡ್ತೀರಾ?" ಎಂದಳು ಭೂಮಿಕಾ.

"ಪೆಟ್ರೋಲ್ ಎಷ್ಟು ಉಳಿಯುತ್ತೆ ಗೊತ್ತೇನೇ?"

"ಮಾತೂ ಉಳಿಯುತ್ತೆ ಬಿಡಿ. ನಿಮ್ಗೆ ಬೇಕಾಗಿರೋದು ಅದೇ."

ನಿಟ್ಟೂರಿನ ಒಂದು ಗೃಹಪ್ರವೇಶ ನಾನು ಕುರ್ಚಿ ಬಿಟ್ಟೇಳದೆ ಬುಕ್ ಆಯಿತು. ಆ ವಾರವಿಡೀ ಮನೆಯಲ್ಲಿ ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯಂತೆ ಓಡಾಡಿದೆ. ಆಮೇಲೆ ಕುಣಿಗಲ್‌ನಿಂದ ಲಕ್ಷ್ಮೀನರಸಿಂಹಯ್ಯ ಎಂಬುವರ ಫೋನ್ ಬಂತು.

"ಅಡುಗೆಯೋರಾ ಸ್ವಾಮಿ? ನಮ್ಮವ್ವನ ತಿಥಿಗೆ ಊಟ ಬೇಕು ಅಂತ ಮೆಸೇಜ್ ಹಾಕಿದ್ದೆ. ಅಭಿನಂದನೆಗಳು ಅಂತ ಬಂತು, ಜೊತೇಲಿ ಓಲಗ ಬೇರೆ. ಯಾರ ಸಮಾರಂಭ ಅಂತ ಕೇಳುದ್ರಿ, ಪುಟ್ಟತಾಯಮ್ಮ ಅಂದೆ. ಪುಟ್ಟತಾಯಮ್ಮನೋರು ನೂರ್ಕಾಲ ಬಾಳ್ಲಿ ಅಂತ ಬಂತು. ಮಣ್ಣು ಮಾಡಿ ಬಂದಿದೀವಿ ಸ್ವಾಮಿ. ಎಲ್ಲಿ ಬಾಳ್ಬೇಕು?"

ಬಾಣ ಎಳೆಯುವಾಗ ನನಗೆ ಮದುವೆ, ಮುಂಜಿ, ನಾಮಕರಣ, ಸೀಮಂತ ಎಲ್ಲ ನೆನಪಾಗಿದ್ದವು, ಸಾವೊಂದು ಬಿಟ್ಟು. ನಮ್ಮ ಅರ್ಧ ಕಸುಬು ನಡೆಯುವುದೇ ಸತ್ತವರ ಮನೆಯಲ್ಲಿ. ಗೆಳೆಯನ ಚಿತೆಯ ಮುಂದೆ ನಿಂತು ಬಂದವನಿಗೆ ಅದೇ ಮರೆತಿತ್ತು.

ಕುಣಿಗಲ್‌ಗೆ ಓಡಿದೆ. ಕೈಮುಗಿದೆ. ಲಕ್ಷ್ಮೀನರಸಿಂಹಯ್ಯನವರು ಬೈಯಲಿಲ್ಲ. "ಯೋಗಣ್ಣ ಯಾಕೆ ಬರ್ಲಿಲ್ಲ? ನಮ್ಮ ಚಿಕ್ಕಪ್ಪನ ತಿಥಿಗೆ ಅವ್ರೇ ಬಂದು ಕೂತಿದ್ರಲ್ಲ."

"ಅವನು ತೀರ್ಕೊಂಡ. ಮಾಘದಲ್ಲಿ."

ಅವರು ಫೋನ್ ತೆಗೆದು ಸಹಿ ತೋರಿಸಿದರು. "ಮತ್ತೆ ಇದ್ಯಾರು?"

"ನಾನು ಮಾಡಿದ ಮೆಷಿನ್ನು."

ಒಳಗೆ ಅಳುತ್ತಿದ್ದವರೂ ಅಳು ನಿಲ್ಲಿಸಿ ನನ್ನನ್ನು ನೋಡಿದರು. "ಕೂತ್ಕಳಿ ಸ್ವಾಮಿ, ನೀರು ಕುಡೀರಿ," ಅಂದರು ಲಕ್ಷ್ಮೀನರಸಿಂಹಯ್ಯ. ಸೂತಕದ ಮನೆಯವರೇ ನನಗೆ ಸಮಾಧಾನ ಹೇಳಿದರು. ಅಷ್ಟಕ್ಕೇ ಮುಗಿದಿದ್ದರೆ ಊಟ ನಮ್ಮದೇ ಆಗುತ್ತಿತ್ತೋ ಏನೋ. ನಾನು ಎದ್ದು, ಬಲು ವಿನಯದಿಂದ, "ಹೋಗಿ ಬರ್ತೀನಿ" ಅಂದೆ. ಸಾವಿನ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ; ಇಂಥದಕ್ಕೇ ಇನ್ನೊಮ್ಮೆ ಬರುತ್ತೇನೆ ಎಂದಂತಾಗುತ್ತದೆ. ಈ ಸಲ ತಪ್ಪು ಮೆಷಿನ್ನಿನದಲ್ಲ.

"ಯೋಗಣ್ಣ ಸುಮ್ನೆ ಎದ್ದು ಹೋಗೋರು," ಅಂದರು ಅವರು. ಊಟ ಬೇರೆಯವರ ಪಾಲಾಯಿತು.

ನಾನು ತುಮಕೂರು ಸೇರುವಷ್ಟರಲ್ಲಿ ಲಕ್ಷ್ಮೀನರಸಿಂಹಯ್ಯನವರು ಸಂತಾಪ ಹೇಳಲೆಂದು ಯೋಗಿಯ ಮನೆಗೆ ಫೋನ್ ಮಾಡಿ, ನಡೆದದ್ದನ್ನೂ ಹೇಳಿದ್ದರು. ನೇರ ಮೈತ್ರೇಯಿಯವರ ಮನೆಗೆ ಹೋದೆ.

"ಬೋರ್ಡ್ ಇಳಿಸಿ ಅಂತ ಬಿಸಿನೆಸ್ ನಂಬರಿಗೆ ಮೆಸೇಜ್ ಹಾಕ್ದೆ," ಎಂದು ತಮ್ಮ ಫೋನ್ ನನ್ನ ಕೈಗಿಟ್ಟರು. ಅವರದು ಮೆಷಿನ್ನಿಗೆ ಹೊಸ ನಂಬರು. ಉತ್ತರ ಹೀಗಿತ್ತು: "ನಮಸ್ಕಾರ ಮೈತ್ರೇಯಿ ಅವರೇ, ಅಭಿನಂದನೆಗಳು! ನಮ್ಮ ಕುಟುಂಬಕ್ಕೆ ಸ್ವಾಗತ. ನಿಮ್ಮ ಮನೆಯಲ್ಲಿ ಯಾರ ಸಮಾರಂಭ? ಪ್ರೀತಿಯಿಂದ, ಯೋಗನರಸಿಂಹ."

ಫೋನ್ ಹಿಂದಕ್ಕೆ ಕೊಟ್ಟೆ. "ಆ ಮೆಷಿನ್ನನ್ನೇ ಈಗ್ಲೇ ಅಳಿಸಿಹಾಕ್ತೀನಿ," ಅಂದೆ.

"ಬೇಡ, ನಿಮ್ಮ ಹೆಸರಲ್ಲಿ ಇಟ್ಕೊಳ್ಳಿ. ಬೋರ್ಡ್ ಮಾತ್ರ ನಾಳೆ ಇಳಿಸಿ."

ಹೊಸಿಲವರೆಗೆ ಬಂದವನು ಸುಮ್ಮನೆ ಹೋಗಬೇಕಿತ್ತು. ತಿರುಗಿ ಕೇಳಿದೆ: "ಓದಿದಾಗ ಒಂದು ಗಳಿಗೆಯಾದ್ರೂ ಅವನೇ ಅನ್ನಿಸ್ತಾ?"

"ಇಲ್ಲ," ಅಂದರು ಮೈತ್ರೇಯಿ. "ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಯಾವ ಮೆಸೇಜಿಗೂ ಅವರು ಉತ್ತರ ಕೊಟ್ಟವರಲ್ಲ. ತಕ್ಷಣ ಉತ್ತರ ಬಂತಲ್ಲ, ಆಗ್ಲೇ ಗೊತ್ತಾಯ್ತು."