ಸಕ್ಕರೆ ಆರತಿಯಲ್ಲಿ ನನ್ನ ಸೈನ್ಯ

"ಮ್ಯಾಲಿನ ಖೋಲಿ ಒಂದಿಂಚೂ ಬಿಟ್ಟುಕೊಡಂಗಿಲ್ಲ!"

ಗೌರಿ ಹುಣ್ಣಿಮೆ ಹತ್ತಿರ ಬಂದಾಗ, ರೊಟ್ಟಿ ಮುರಿಯುತ್ತ ನಾನು ಹೊರಡಿಸಿದ ರಣಘೋಷಣೆ ಇದು.

ಬೆಟಗೇರಿಯ ನಮ್ಮ ಮನೆಗೆ ಮಹಡಿ ಮೇಲೆ ಇರುವುದು ಒಂದೇ ಕೋಣೆ. ಅಲ್ಲಿ ನನ್ನ ಸೈನ್ಯ ಬೀಡುಬಿಟ್ಟಿದೆ. ನಗಬೇಡಿ! ಶೇಂಗಾಕಾಯಿಯಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳು. ಈಗಿನ ಕಾಲದ ಬಂದೂಕು, ಹೆಲ್ಮೆಟ್ಟು, ಬೆನ್ನಚೀಲ ಎಲ್ಲ ಹೊತ್ತವರು. ಮೇಜಿನ ಮೇಲೆ ದಾಳ ಉರುಳಿಸಿ ಇವರನ್ನು ಕಾದಾಡಿಸುವ ಆಟದ ಹುಚ್ಚು ನನಗೆ. ಈ ಸಲ ಮೂರು ಕಂಪನಿಗಳಿಂದ ತರಿಸಿದ್ದೆ. ಮೂರೂ ಡಬ್ಬಿಗಳ ಮೇಲೆ ಬರೆದ ಅಳತೆ ಒಂದೇ. ನಿಲ್ಲಿಸಿ ನೋಡಿದರೆ ಮೊದಲ ಕಂಪನಿಯವರು ಬಡಕಲು, ಬಂದೂಕು ಮಾತ್ರ ಮಾರುದ್ದ! ಎರಡನೆಯವರು ಮದುವೆ ಊಟ ಮುಗಿಸಿ ಬಂದವರ ಹಾಗೆ ಗುಂಡುಗುಂಡಗೆ. ಮೂರನೆಯವರ ಕಾಲಡಿ ರೊಟ್ಟಿಯಗಲದ ಪೀಠ. ಯಾರು ಯಾರ ಜೊತೆ ಒಂದೇ ಪಡೆಯಲ್ಲಿ ನಿಲ್ಲಬಹುದು? ನಮ್ಮ ಆಟದ ವಾಟ್ಸಾಪ್ ಗುಂಪು ನನ್ನ ತೀರ್ಪಿಗೆ ಕಾದಿತ್ತು. ಬಣ್ಣ ನೋಡಿ ಕಣ್ಣು ಮೋಸ ಹೋಗಬಾರದೆಂದು ಎಲ್ಲರಿಗೂ ಬಿಳಿ ಬಣ್ಣ ಹೊಡೆದು ಒಣಗಲು ಇಟ್ಟಿದ್ದೆ.

"ನಿಮ್ಮ ತಮ್ಮ ಸೋಮೇಶಂದು ಲಗ್ನ ಗೊತ್ತಾಗೇತಿ. ಹೊಸಾ ಜೋಡಿ ಎಲ್ಲಿ ಮಕ್ಕೋಬೇಕ್ರಿ?" ಎಂದಳು ಹೆಂಡತಿ ವನಿತಾ.

"ಪಡಸಾಲಿ ಐತಲ್ಲ."

"ಪಡಸಾಲ್ಯಾಗ ಅತ್ತಿ ಮಕ್ಕೋತಾರ!"

"ಹಂಗಂತ ನನ್ನ ಸೈನ್ಯ ಬೀದಿಗೆ ಬೀಳಬೇಕೇನು?"

ವನಿತಾ ರೊಟ್ಟಿ ಬುಟ್ಟಿಯ ಕಡೆ ತಿರುಗಿದಳು. ನಾನು ಗೆದ್ದೆನೆಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಹುಣ್ಣಿಮೆಗೆ ಗಂಡಿನ ಕಡೆಯವರು ಹುಡುಗಿಯ ಮನೆಗೆ ಸಕ್ಕರೆ ಆರತಿ ಒಯ್ಯಬೇಕು. ನಮ್ಮವ್ವ ಮಂಜವ್ವ ಅದಕ್ಕಾಗಿ ಮರದ ಅಚ್ಚಿಗೆ ಸಕ್ಕರೆ ಪಾಕ ಸುರಿದು ಆನೆ, ಕುದುರೆ, ನವಿಲು ಮಾಡಿದಳು. ಇರುವೆ ಹತ್ತದ ಜಾಗವೆಂದು ಅವನ್ನು ಇಟ್ಟಿದ್ದು ನನ್ನ ಕೋಣೆಯಲ್ಲಿ. ನಾನು ಬೇಡವೆಂದೆ. ಅವ್ವ ಕೇಳಿಸಿಕೊಳ್ಳಲಿಲ್ಲ.

ಹುಡುಗಿ ಶೃತಿಯ ಮನೆ ಲಕ್ಷ್ಮೇಶ್ವರದಲ್ಲಿ. ಆಕೆಯ ತಂದೆ ತಿರಕಪ್ಪನವರು ಸಾಮಾನ್ಯರಲ್ಲ! ಹಿಂದೆ ಬಂದಿದ್ದ ಸಂಬಂಧವನ್ನು, ಗಂಡಿನವರು ತಂದ ಸೀರೆಯ ಸೆರಗಿನಲ್ಲಿ ಒಂದು ಎಳೆ ಹರಿದಿತ್ತೆಂದು ಬಿಟ್ಟವರು. ಅಂಥವರ ಪಡಸಾಲೆಯಲ್ಲಿ ನಾವೆಲ್ಲ ಸಾಲಾಗಿ ಕೂತಿದ್ದೆವು. ವನಿತಾ ತಟ್ಟೆಯ ಮೇಲಿನ ಬಟ್ಟೆ ಸರಿಸಿದಳು.

ನಡುವೆ ಸಕ್ಕರೆಯ ಆನೆ. ಆನೆಯ ಕಾಲಡಿ ಬಂದೂಕು ಗುರಿಯಿಟ್ಟು ಮಲಗಿದ್ದವನು ನನ್ನ ಎರಡನೆಯ ಕಂಪನಿಯ ಸಿಪಾಯಿ! ನವಿಲಿನ ಹಿಂದೊಬ್ಬ ಬಾಂಬು ಎತ್ತಿ ನಿಂತಿದ್ದ. ಕುದುರೆಯ ಸುತ್ತ ಉಳಿದ ಕಂಪನಿಗಳವರು ಮೂರ್ನಾಲ್ಕು ಜನ.

"ಯವ್ವಾ, ಈ ಸಣ್ಣಾವು ಎಲ್ಲೀವು?" ಎಂದು ಪಿಸುಗುಟ್ಟಿದೆ.

"ನಿನ್ನ ಖೋಲ್ಯಾಗ ಇದ್ವು. ವನಿತಾ ಮಾಡ್ಯಾಳ ಅಂತ ಹಾಕಿದ್ನಿ. ಚಂದ ಅದಾವಲ್ಲ?"

ಕನ್ನಡಕವಿಲ್ಲದ ಅವ್ವನಿಗೆ ಏನು ಹೇಳಲಿ! ಗೌರಿಯ ತಟ್ಟೆಯಲ್ಲಿ ಬಂದೂಕು ಬಂದಿದೆಯೆಂದು ಗೊತ್ತಾದರೆ ತಮ್ಮನ ಮದುವೆ ಮುರಿದಂತೆಯೇ. ಆರತಿ ಮುಗಿಯಿತು. ಸಕ್ಕರೆ ಹಂಚಲು ತಟ್ಟೆ ಎಲ್ಲರ ಮುಂದೆ ಬಂತು. ಶೃತಿಯ ಅಜ್ಜಿ ಕಳಕವ್ವ ಆನೆಯನ್ನು ಬಿಟ್ಟು ನೇರವಾಗಿ ಸಿಪಾಯಿಗೇ ಕೈ ಹಾಕಿದರು.

"ಹಲ್ಲಿಲ್ಲದ ಬಾಯಿಗೆ ಸಣ್ಣದ ಚಲೋ."

"ಅಜ್ಜೀ, ಅದು ನನಗಿರಲಿ!" ಎಂದು ಅವರ ಬೆರಳಿನಿಂದಲೇ ಕಿತ್ತುಕೊಂಡೆ.

ಎಲ್ಲರ ಕಣ್ಣೂ ನನ್ನ ಕೈ ಮೇಲೆ. ತಟ್ಟೆಯಿಂದ ಜೇಬಿಗೆ ಹೋದರೆ ಕಳ್ಳ, ಬಾಯಿಗೆ ಹೋದರೆ ಬೀಗ! ಬಾಯಿಗೆ ಹಾಕಿಕೊಂಡೆ. ತಿರಕಪ್ಪನವರ ಕೈ ನವಿಲಿನ ಕಡೆ ಹೊರಟಿತು. ಅದರ ಹಿಂದಿನವನನ್ನೂ ನುಂಗಿದವನಂತೆ ನಟಿಸಿದೆ. ಒಬ್ಬೊಬ್ಬರಾಗಿ ನನ್ನ ಇಡೀ ಪಡೆ ಬಾಯೊಳಗೆ ಹಿಮ್ಮೆಟ್ಟಿತು.

"ಬೀಗರಿಗೆ ಸಕ್ಕರಿ ಭಾಳ ಸೇರತೈತಿ ಅಂತ ಕಾಣತೈತಿ," ಎಂದರು ತಿರಕಪ್ಪನವರು.

"ಮನ್ಯಾಗ ಚಾಕ್ಕೂ ಸಕ್ಕರಿ ಒಲ್ಲೆ ಅಂತಾರ್ರಿ!" ವನಿತಾ ಕಣ್ಣು ಕಿರಿದು ಮಾಡಿ ನನ್ನ ಗಲ್ಲವನ್ನೇ ನೋಡಿದಳು.

ಓದುಗರೇ, ಕಂಪನಿಗಳ ನಡುವಿನ ವ್ಯತ್ಯಾಸ ನನಗೆ ಅಂದೇ ಪೂರ್ತಿ ತಿಳಿದದ್ದು! ಮೊದಲನೆಯವರ ಬಂದೂಕು ಅಂಗುಳಕ್ಕೆ ಚುಚ್ಚುತ್ತಿತ್ತು. ಮೂರನೆಯವರ ಪೀಠ ಒಸಡಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎರಡನೆಯವರು ಮಾತ್ರ ಸಭ್ಯರು, ಗಲ್ಲದಲ್ಲಿ ಸುಮ್ಮನೆ ಕೂತಿದ್ದರು.

ಆಗ ತಿರಕಪ್ಪನವರು ಗಂಟಲು ಸರಿಮಾಡಿಕೊಂಡರು.

"ಬೀಗರ, ಒಂದ ಮಾತು. ನಿಮ್ಮ ಮ್ಯಾಲಿನ ಖೋಲ್ಯಾಗ ಆಟಿಗಿ ಸಾಮಾನ ತುಂಬೇರಂತ. ಲಗ್ನ ಆದಮ್ಯಾಗ ಆ ಖೋಲಿ ಹುಡುಗೂರಿಗೆ ಬಿಟ್ಟುಕೊಡ್ತೀರೋ ಇಲ್ಲೋ? ಇಲ್ಲಾಂದ್ರ ಈ ಸಂಬಂಧ ಇಲ್ಲಿಗೇ ಬಿಡೂಣು."

ನನ್ನ ಬಳಿ ವಾದಗಳಿದ್ದವು! ಪಡಸಾಲೆಯ ಗಾಳಿ ಬೆಳಕಿನ ಬಗ್ಗೆ ಒಂದು ಭಾಷಣವೇ ಇತ್ತು! ಆದರೆ ಬಾಯಿ ತೆರೆದರೆ ಸೈನ್ಯ ಹೊರಬೀಳುತ್ತದೆ. ಸೋಮೇಶ ಬೆವರುತ್ತ ನನ್ನನ್ನೇ ನೋಡುತ್ತಿದ್ದ. ಬಾಗಿಲ ಮರೆಯಲ್ಲಿ ಶೃತಿ ಸೆರಗು ಹಿಂಡುತ್ತಿದ್ದಳು. ಪಾಪ ಅನ್ನಿಸಿತು. ನನ್ನ ಬಗ್ಗೆ ನನಗೇ ನಾಚಿಕೆಯೂ ಆಯಿತು.

"ಹ್ಞೂಂ," ಎಂದೆ.

"ಬಾಯಿಬಿಟ್ಟು ಹೇಳ್ರಿ!"

"ಹ್ಞೂಂ! ಹ್ಞೂಂ!" ಕನ್ನಡಕ ಜಾರುವಷ್ಟು ತಲೆಯಾಡಿಸಿದೆ.

"ಬಾಯಿ ತುಂಬ ಸಕ್ಕರಿ ಇಟಗೊಂಡು ಮಾತ ಕೊಟ್ಟಾನ," ಎಂದರು ಕಳಕವ್ವ. "ಇಂಥಾ ಮಾತು ತಪ್ಪಂಗಿಲ್ಲ ಬಿಡು."

ನಾನು ಹಿತ್ತಲಿಗೆ ಓಡಿದೆ. ಬೇವಿನ ಗಿಡದ ಕೆಳಗೆ ಸೈನ್ಯವನ್ನು ಉಗುಳುತ್ತಿರುವಾಗ ಹಿಂದೆಯೇ ವನಿತಾ ನೀರಿನ ಚರಿಗೆ ಹಿಡಿದು ಬಂದಳು. ನೋಡಿದಳು. ಚರಿಗೆ ಕೆಳಗಿಟ್ಟು, ಗಿಡ ಹಿಡಿದುಕೊಂಡು ನಕ್ಕಳು.

ಈಗ ಮಹಡಿ ಮೇಲೆ ಸೋಮೇಶ ಮತ್ತು ಶೃತಿ ಸುಖವಾಗಿದ್ದಾರೆ. ವಾಟ್ಸಾಪ್ ಗುಂಪಿಗೆ ನನ್ನ ತೀರ್ಪನ್ನೂ ಕಳಿಸಿದೆ: "ಎರಡನೆಯ ಕಂಪನಿಯೇ ಉತ್ತಮ. ಚುಚ್ಚುವುದಿಲ್ಲ." ಯಾರಿಗೂ ಅರ್ಥವಾಗಲಿಲ್ಲ. ನನ್ನ ಸೈನ್ಯಕ್ಕೆ ಸಿಕ್ಕಿದ್ದು ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿ. ಅದನ್ನು ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಇಡಲು ಹೋದಾಗ ವನಿತಾ ಕೈ ಹಿಡಿದಳು.

"ಅಲ್ಲಿ ಬ್ಯಾಡ್ರೀ! ಮತ್ತ ಬಾಯಾಗ ಹಾಕ್ಕೊಂಡೀರಿ. ಬಿಟ್ಟುಕೊಡಾಕ ನಮ್ಮ ಕಡೆ ಇನ್ನೊಂದ ಖೋಲಿ ಇಲ್ಲ!"