ಬಾಮೈದನ ಇಳಿಜಾರು

ಸಿಟ್ಟು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಲ್ಲಿ ಯಾರಿಗೂ ಬಾಮೈದ ಇರಲಿಕ್ಕಿಲ್ಲ. ಇದ್ದರೂ ಆ ಬಾಮೈದ ಸಮುದ್ರದ ದಂಡೆಯಲ್ಲಿ ಜಾಗ ಕೊಂಡಿರಲಿಕ್ಕಿಲ್ಲ. ನನಗೆ ಎರಡೂ ಒದಗಿಬಂದಿವೆ. ನಾನು ಹುಣಸೂರಿನಲ್ಲಿ ಮನೆ ಕಟ್ಟುವವರಿಗೆ ಪ್ಲಾನು ಹಾಕಿಕೊಡುವ ಎಂಜಿನಿಯರು. ಮೂವತ್ತು ನಲವತ್ತರ ಸೈಟು, ಎರಡು ಬೆಡ್‌ರೂಮು, ಒಂದು ದೇವರಮನೆ, ಮೇಲೆ ಬಾಡಿಗೆಗೊಂದು ಪೋರ್ಷನ್ನು, ಮೆಟ್ಟಿಲ ಕೆಳಗೆ ನೀರಿನ ಮೋಟರು. ಇಷ್ಟನ್ನೇ ತಿರುವಿ ಮುರುವಿ ಬರೆದು ಅರ್ಧ ಆಯುಷ್ಯ ಕಳೆದಿದ್ದೇನೆ. ಒಂದಾದರೂ ಮನಸ್ಸಿಗೆ ಒಪ್ಪುವ ಕೆಲಸ ಕೊಡಪ್ಪಾ ಎಂದು ದೇವರನ್ನು ಕೇಳಿಕೊಂಡಿದ್ದು ನಿಜ. ಅದನ್ನು ಹೆಂಡತಿಯ ತಮ್ಮನ ಕೈಲಿ ಕಳಿಸು ಎಂದು ಮಾತ್ರ ಕೇಳಿರಲಿಲ್ಲ.

ಈ ಬಾಮೈದ ಮಹದೇವು ಮಿರ್ಲೆಯವನು. ಊರಲ್ಲಿ ನಾಲೆ ನೀರಿನ ಗದ್ದೆ, ಕೆ.ಆರ್. ನಗರದಲ್ಲಿ ಅಕ್ಕಿ ವ್ಯಾಪಾರ. ಕಳೆದ ವರ್ಷ ಒಂದು ಭಾನುವಾರ ನಮ್ಮ ಮನೆಗೆ ಬಂದವನು ಅಕ್ಕ ಕೊಟ್ಟ ಉಪ್ಪಿಟ್ಟನ್ನು ಎರಡು ಸಲ ಬಡಿಸಿಕೊಂಡು ತಿಂದು ಸುದ್ದಿ ಬಿಚ್ಚಿದ.

"ಬಾವ, ಕುಂದಾಪುರದಿಂದ ಆಚೆಗೆ ಒಂದು ಜಾಗ ತಗೊಂಡಿವ್ನಿ. ಜಾಗ ಅಂದ್ರೆ ಜಾಗ ಕಣ್ರೀ! ಕೆಳಗೆ ಸಮುದ್ರ, ಮ್ಯಾಲೆ ಗೇರು ಮರ. ರಜಕ್ಕೆ ಬರೋ ಜನಕ್ಕೆ ಆರು ವಿಲ್ಲಾ ಕಟ್ಟುಸ್ಬೇಕು. ಅದೂ ಸಸ್ಟೇನಬಲ್ ಆಗಿರ್ಬೇಕು. ಅದಿಲ್ದಿದ್ರೆ ಈಗ ಜನ ಬುಕ್ಕೇ ಮಾಡಲ್ವಂತೆ."

"ಸಸ್ಟೇನಬಲ್ ಅಂದ್ರೆ ಏನು ಅಂತ ಗೊತ್ತೇನೋ ನಿಂಗೆ?"

"ಗೋಡೆಗೆ ಅಸ್ರು ಬಣ್ಣ ಬಳ್ದು ಮ್ಯಾಲೆ ಸೋಲಾರ್ ಇಕ್ಕೋದು, ಅಲ್ವಾ?"

ಆಗಲೇ ಎದ್ದು ಹೋಗಬೇಕಿತ್ತು. ಆದರೆ ಸಮುದ್ರ ಎಂಬ ಮಾತು ಕಿವಿಗೆ ಬಿದ್ದಿತ್ತು. ಹುಣಸೂರಿನ ಎಂಜಿನಿಯರಿಗೆ ಸಮುದ್ರ ಕೈಗೆ ಸಿಗುವುದು ದಿನಾ ನಡೆಯುವ ಸಂಗತಿಯಲ್ಲ. ಹೋಗಿ ನೋಡಿದೆ. ನೋಡಿದವನು ಸೋತುಹೋದೆ. ಗೇರು ಮರಗಳ ನಡುವೆ ನೆಲ ಮೆತ್ತಗೆ ಇಳಿಯುತ್ತ ಇಳಿಯುತ್ತ ಮರಳಿಗೆ ಸೇರಿತ್ತು. ಇಳಿಜಾರಿನ ಬುಡದಲ್ಲಿ ಒಂದು ಹೆಂಚಿನ ಮನೆ. ಅದರಲ್ಲಿ ಮೀನು ಮಾರುವ ಪದ್ದಕ್ಕ. ಬಾಯಾರಿದ್ದ ನನಗೆ ಬಾವಿಯಿಂದ ನೀರು ಸೇದಿಕೊಟ್ಟಳು. ಕೂಗಳತೆಯಲ್ಲಿ ಸಮುದ್ರವಿದ್ದರೂ ನೀರು ಎಳನೀರಿನ ಹಾಗಿತ್ತು. ಮಳೆಯ ನೀರೆಲ್ಲ ಆ ಇಳಿಜಾರಿನಲ್ಲಿ ಇಂಗಿ ನಿಧಾನವಾಗಿ ಅವಳ ಬಾವಿಗೆ ಇಳಿಯುತ್ತದೆ, ಅದಕ್ಕೇ ಉಪ್ಪು ಒಳಗೆ ಬಂದಿಲ್ಲ. ಆ ಕೇರಿಯ ಐದಾರು ಮನೆಗೆ ಅದೊಂದೇ ಕುಡಿಯುವ ನೀರು. ಪದ್ದಕ್ಕ ನನ್ನ ಕೈಲಿದ್ದ ಟೇಪನ್ನು ನೋಡಿ, "ಗುಡ್ಡೆ ಕಡಿಸ್ತೀರಾ? ಕಡಿಸಿದ್ರೆ ನಮ್ಗೆ ಉಪ್ಪು ನೀರೇ ಗತಿ" ಎಂದಳು. "ನಾನಿರುವಾಗ ಹಾಗಾಗಲ್ಲ ತಾಯಿ" ಎಂದು ಎದೆ ಮುಂದೆ ಮಾಡಿ ಹೇಳಿಬಂದೆ.

ಹೇಳಿದ ಮಾತಿಗೆ ತಕ್ಕ ಹಾಗೆ ಪ್ಲಾನೂ ಹಾಕಿದೆ. ನೆಲ ಹೇಗಿದೆಯೋ ಹಾಗೆಯೇ ಇರಬೇಕು, ಮನೆಗಳು ಕಂಬದ ಮೇಲೆ ನಿಲ್ಲಬೇಕು. ಕೆಂಪು ಕಲ್ಲಿನ ಗೋಡೆ, ಏ.ಸಿ. ಬೇಡದ ಹಾಗೆ ಗಾಳಿ ಬರುವ ದಿಕ್ಕಿಗೆ ಕಿಟಕಿ. ಒಂದು ಮನೆಯ ಚಾವಣಿ ಅದರ ಹಿಂದಿನ ಮನೆಯ ಅಂಗಳಕ್ಕಿಂತ ಕೆಳಗೆ, ಆರೂ ಮನೆಗೆ ಸಮುದ್ರ ಕಾಣಬೇಕು. ಒಂದು ಮರ ಕಡಿಯುವಂತಿಲ್ಲ. ನನ್ನ ಪ್ಲಾನನ್ನು ನಾನೇ ಗೋಡೆಗೆ ಅಂಟಿಸಿಕೊಂಡು ದಿನಾ ಕಾಫಿ ಕುಡಿಯುತ್ತ ನೋಡುತ್ತಿದ್ದೆ. ದೇವರ ಪಟದ ಮುಂದೆಯೂ ಅಷ್ಟು ಹೊತ್ತು ನಿಂತವನಲ್ಲ.

ಮಹದೇವು ಬಂದು ಅದನ್ನು ಎಡದಿಂದ ಬಲಕ್ಕೆ ನೋಡಿದ, ಬಲದಿಂದ ಎಡಕ್ಕೆ ನೋಡಿದ. "ಎಲ್ಲಾ ಚೆಂದಾಗೈತೆ ಬಾವ. ಆದ್ರೆ ಜಾಗ ಇನ್ನೂ ಓರೆಯಾಗೇ ಐತಲ್ಲ?"

"ಅದು ಇರೋದೇ ಓರೆಯಾಗಿ ಕಣೋ!"

"ಅದ್ಕೇ ಏಳ್ತಿರೋದು. ಮೊದ್ಲು ಜೆಸಿಬಿ ಬುಟ್ಟು ಮಟ್ಟ ಮಾಡ್ಸಾನ. ಆಮ್ಯಾಕೆ ನಿಮ್ ಸಸ್ಟೇನಬಲ್ಲು."

ಇಲ್ಲಿ ನಾನು ಮಿರ್ಲೆಯ ಗದ್ದೆಗಳನ್ನು ಸ್ವಲ್ಪ ಬಯ್ಯಬೇಕಾಗಿದೆ. ಭತ್ತ ಬೆಳೆಯುವವನಿಗೆ ನೆಲ ಎಂದರೆ ನೀರು ನಿಲ್ಲುವ ನೆಲ. ಗದ್ದೆಯ ಒಂದು ಮೂಲೆ ನಾಲ್ಕು ಬೆರಳು ಎತ್ತರವಿದ್ದರೂ ಆ ಮನೆಯವರಿಗೆ ನಾಚಿಕೆ. ನನ್ನ ಮಾವನವರು ಕೆಸರಿನಲ್ಲಿ ನಡೆದು ಅಂಗಾಲಿನಲ್ಲೇ ಉಬ್ಬು ತಗ್ಗು ಹೇಳುತ್ತಿದ್ದರು. ಮಗನಿಗೂ ಅದೇ ಕಣ್ಣು ಬಂದಿದೆ. ಅವನ ಪಾಲಿಗೆ ಜಗತ್ತಿನಲ್ಲಿರುವ ಬೆಟ್ಟಗುಡ್ಡವೆಲ್ಲ ಯಾರೋ ಸೋಮಾರಿಗಳು ಮಟ್ಟ ಮಾಡದೆ ಬಿಟ್ಟ ಗದ್ದೆ. ಮಟ್ಟ ಮಾಡಿ ಒಂದರ ಹಿಂದೊಂದು ಮನೆ ನಿಲ್ಲಿಸಿದರೆ ಹಿಂದಿನವರು ಏನು ನೋಡಬೇಕು ಎಂದು ಕೇಳಿದೆ. "ಮುಂದ್ಲು ಮನೆ ಗೋಡೆ ಮ್ಯಾಲೆ ಸಮುದ್ರದ ಚಿತ್ರ ಬರುಸ್ತೀನಿ ಬುಡಿ" ಎಂದ. ತಮಾಷೆಗೆ ಹೇಳಿದ್ದಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಾನು ಕೂಗಾಡಿದೆ. ಮಣ್ಣು ಕೊಚ್ಚಿಹೋಗುತ್ತದೆ ಎಂದೆ, ಕಾನೂನು ಒಪ್ಪುವುದಿಲ್ಲ ಎಂದೆ, ಪದ್ದಕ್ಕನ ಬಾವಿಯ ಕಥೆ ಹೇಳಿದೆ. "ಆಯಮ್ಮಂಗೆ ಒಂದು ಬೋರ್ ಕೊರ್ಸಿ ಕೊಟ್ರಾಯ್ತು" ಎಂದ. ಆ ದಂಡೆಯಲ್ಲಿ ಬೋರು ಕೊರೆದರೆ ಬರುವುದು ಸಮುದ್ರವೇ! ಕುಡಿಯುವ ನೀರು ಕೆಡಿಸಿ, ಆಮೇಲೆ ಉಪ್ಪು ನೀರನ್ನು ಉಪಕಾರ ಎಂದು ಕೊಡುವ ಈ ಉದಾರತೆಗೆ ನನಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಲೋಟ ಕುಕ್ಕಿದ ರಭಸಕ್ಕೆ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಹೆಂಡತಿ ಅಡುಗೆಮನೆಯಿಂದ, "ಅವನ ಜಾಗ ಅವನು ಮಟ್ಟ ಮಾಡಿಸ್ಕೋತಾನೆ, ನಿಮಗ್ಯಾಕ್ರೀ ಉರಿ?" ಎಂದಳು. ಅಕ್ಕ ತಮ್ಮ ಒಂದಾದ ಮೇಲೆ ಮನೆಯಲ್ಲಿ ನ್ಯಾಯ ಎಲ್ಲಿಯದು? ನಾನು ಮಹಡಿಗೆ ಹೋಗಿ ಒಣಹಾಕಿದ್ದ ಹಪ್ಪಳಗಳಿಗೆ ಬಯ್ದು ಬಂದೆ.

ಕೆಳಗಿಳಿಯುವಷ್ಟರಲ್ಲಿ ಮಹದೇವು ಫೋನಿನಲ್ಲಿ ಯಾರಿಗೋ, "ಸೋಮವಾರವೇ ಗಾಡಿ ಬುಡಿ" ಎನ್ನುತ್ತಿದ್ದ. ಆಗ ನನ್ನ ತಲೆ ಕೆಟ್ಟಿತು. ವಾಸ್ತು ಎಂದು ಕಕ್ಕಸಿನ ಗುಂಡಿಯನ್ನು ಮೂಲೆಯಿಂದ ಮೂಲೆಗೆ ಓಡಾಡಿಸುವವರ ಜೊತೆ ಜನ್ಮವಿಡೀ ಜಗಳವಾಡಿದವನು ನಾನು. ಅಂಥ ನನ್ನ ಬಾಯಿಂದಲೇ ಈ ಮಾತು ಬಂತು:

"ಮಾಡ್ಸು, ಮಟ್ಟ ಮಾಡ್ಸು! ಅದು ಬರೀ ಇಳಿಜಾರು ಅಂದ್ಕೊಂಡ್ಯಾ? ಸಮುದ್ರದ ಕಡೆ ಮುಖ ಮಾಡಿ ಮಲಗಿರೋ ಬಸವ ಅದು. ಶಿವನ ಒಕ್ಕಲಲ್ಲಿ ಹುಟ್ಟಿ ಬಸವನ ಬೆನ್ನು ಕೊಯ್ಯಿ. ಆಮೇಲೆ ನನ್ನ ಕೇಳಬೇಡ."

ಮಹದೇವು ಫೋನನ್ನು ಕಿವಿಯಿಂದ ಇಳಿಸಿದ. ಮೆಲ್ಲಗೆ, "ಶಾಸ್ತ್ರದಲ್ಲಿ ಐತಾ ಬಾವ?" ಎಂದ.

"ಇಲ್ಲದೆ ಏನು? ವೃಷಭಪೃಷ್ಠ ಅಂತಾರೆ."

ಜೆಸಿಬಿ ಬರಲಿಲ್ಲ. ಈಗ ಅಲ್ಲಿ ಮೂರು ವಿಲ್ಲಾ ಕಂಬದ ಮೇಲೆ ನಿಂತಿವೆ, ಮೇಲಿನ ಮೂರು ಇನ್ನೂ ಆಗಬೇಕು. ಪದ್ದಕ್ಕನ ಬಾವಿಯ ನೀರು ಸಿಹಿಯಾಗೇ ಇದೆ. ಆದರೆ ಬಾಮೈದ ನನ್ನನ್ನು ಸುಮ್ಮನೆ ಬಿಟ್ಟಾನೆಯೇ? ಕೆ.ಆರ್. ನಗರದಲ್ಲಿ ಅಕ್ಕಿ ಕೊಳ್ಳಲು ಬಂದವರಿಗೆಲ್ಲ ನನ್ನ ಮಹಿಮೆ ಹೇಳಿಬಿಟ್ಟಿದ್ದಾನೆ. ಸಾಲಿಗ್ರಾಮದಿಂದ, ಪಿರಿಯಾಪಟ್ಟಣದಿಂದ, ಎಚ್.ಡಿ. ಕೋಟೆಯಿಂದ ಜನ ತೆಂಗಿನಕಾಯಿ ಹಿಡಿದುಕೊಂಡು ನನ್ನ ಆಫೀಸಿಗೆ ಬರುತ್ತಾರೆ. "ಸ್ವಾಮಿ, ನಮ್ ಸೈಟು ಯಾವ ಪ್ರಾಣಿ ಅಂತ ಒಸಿ ನೋಡಿ ಏಳಿ."

ಪ್ರತಿ ಸಲವೂ ನನಗೆ ರಕ್ತ ಕುದಿಯುತ್ತದೆ. ಅದೆಲ್ಲ ಸುಳ್ಳು ಕಣ್ರಯ್ಯಾ, ಎದ್ದು ಹೋಗಿ ಎಂದು ಕಿರುಚಬೇಕೆನಿಸುತ್ತದೆ. ಕಿರುಚಿದರೆ ಸುದ್ದಿ ಸಂಜೆಯೊಳಗೆ ಮಿರ್ಲೆಗೆ ಮುಟ್ಟುತ್ತದೆ, ಉಳಿದ ಇಳಿಜಾರಿಗೆ ಜೆಸಿಬಿ ನುಗ್ಗುತ್ತದೆ. ಹಾಗಾಗಿ ಹಲ್ಲು ಕಚ್ಚಿಕೊಂಡು ಸೈಟುಗಳನ್ನು ಪರೀಕ್ಷಿಸುತ್ತಿದ್ದೇನೆ. ನಿನ್ನೆ ಪಿರಿಯಾಪಟ್ಟಣದವರೊಬ್ಬರು ನಮ್ಮ ಮನೆಗೇ ಬಂದು, ತಟ್ಟೆಯ ಹಾಗೆ ಮಟ್ಟಸವಾದ ಒಂದು ಸೈಟಿನ ಫೋಟೋ ತೋರಿಸಿದರು. ಬಹಳ ಹೊತ್ತು ದಿಟ್ಟಿಸಿ, "ಆಮೆ. ನಿಧಾನ, ಆದರೆ ಒಳ್ಳೆಯದಾಗುತ್ತೆ" ಎಂದೆ. ಅವರು ಕೈಮುಗಿದು ಹೋದರು. ಒಳಗಿನಿಂದ ಹೆಂಡತಿ ಭಯಭಕ್ತಿಯಿಂದ ಕೇಳಿದಳು, "ರೀ, ಹಾಗಾದ್ರೆ ನಮ್ಮನೇದು ಯಾವ ಪ್ರಾಣಿ?"

"ಕತ್ತೆ" ಎಂದೆ. ನಾನು ಹೇಳಿದ ಶಾಸ್ತ್ರದಲ್ಲಿ ನಿಜವಾದದ್ದು ಅದೊಂದೇ.