ಕುದುರೆ ಲಾಯದ ಮೂಲಪುರುಷ

ಈ ಸಂಗತಿಯನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಮೊದಲು ಎಲೆ ಅಡಿಕೆ ಹಾಕಿಕೊಳ್ಳೋಣವೆಂದು ಎದ್ದು ಹೋಗಿದ್ದೇನೆ. ಈಗ ಹಲ್ಲು ಉದುರಿ ಆ ನೆಪವೂ ಉಳಿದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ.

ಒಕ್ಕಲಿಗನಿಗೆ ಒಂದು ಹುಚ್ಚು ಇದ್ದರೆ ಊರು ಸಹಿಸಿಕೊಳ್ಳುತ್ತದೆ. ನನಗೆ ಎರಡಿದ್ದವು: ಕುದುರೆ ಮತ್ತು ಇತಿಹಾಸ. ಅದು ನಿಜಾಮರ ಆಳ್ವಿಕೆಯ ಕಾಲ. ನಮ್ಮೂರು ಹುಮನಾಬಾದಕ್ಕೂ ಬಸವಕಲ್ಯಾಣಕ್ಕೂ ನಡುವೆ. ಬಸವಕಲ್ಯಾಣವನ್ನು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಹುಮನಾಬಾದದಲ್ಲಿ ಉರ್ದು ಶಾಲೆ ಓದಿ ಬಂದ ನನಗೆ ಹಳಗನ್ನಡದ ಕಲ್ಲುಬರಹ ಓದುವುದನ್ನು ಯಾರೂ ಕಲಿಸಿರಲಿಲ್ಲ. ಆದ್ದರಿಂದಲೇ ಬಹಳ ಧೈರ್ಯದಿಂದ ಓದುತ್ತಿದ್ದೆ. ಬಿತ್ತನೆ ಮುಗಿಯಿತೆಂದರೆ ಚಾಂದನಿ ಎಂಬ ನನ್ನ ಬಿಳಿಯ ಹೆಣ್ಣು ಕುದುರೆಯನ್ನೇರಿ ನಾರಾಯಣಪುರದ ಶಿವಾಲಯಕ್ಕೆ ಹೋಗುವುದು, ಕಂಬದ ಮೇಲೆ ನಾಲ್ಕು ಅಕ್ಷರ ತಿಳಿದರೆ ಉಳಿದ ನಲವತ್ತನ್ನು ನಾನೇ ತುಂಬಿಕೊಳ್ಳುವುದು, ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಸಾರುವುದು. "ಅಲ್ಲಿ ಜ್ವಾಳಕ್ಕ ಹಕ್ಕಿ ಬಿದ್ದಾವ, ನೀವು ಸತ್ತ ರಾಜರನ್ನ ಕಾಯಾಕತ್ತೀರಿ" ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಇತಿಹಾಸದ ಬಗ್ಗೆ ಅಷ್ಟು ಚುಟುಕಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ನಮ್ಮ ಹೊಲದ ಮೂಲೆಯಲ್ಲಿ ಮೂರು ಹೊಲಗಳು ಕೂಡುತ್ತಿದ್ದವು. ಒಂದು ನನ್ನದು, ಒಂದು ಪಕ್ಕದ ಮನೆಯ ಅಕ್ಕನದು, ಇನ್ನೊಂದು ಅವಳ ಮೈದುನ ಸಿದ್ರಾಮಪ್ಪನದು. ಅಕ್ಕ ನನ್ನ ಒಡಹುಟ್ಟಿದವಳಲ್ಲ. ಗಂಡ ತೀರಿದ ಮೇಲೆ ಕುರಿ ಕಾಯುತ್ತ, ತಾನೇ ಹೊಲ ಮಾಡಿಸುತ್ತ ಬಾಳಿದ ಹೆಣ್ಣುಮಗಳು. ಮೂರೂ ಹೊಲ ಕೂಡುವಲ್ಲಿ ಗಡಿ ಗುರುತಿನ ಒಂದು ಬಾಂದುಕಲ್ಲು ವಾಲಿಕೊಂಡು ನಿಂತಿತ್ತು. ಹೊಲದಿಂದ ಬರುವಾಗಲೆಲ್ಲ ಚಾಂದನಿ ಅದಕ್ಕೆ ಕುತ್ತಿಗೆ ತಿಕ್ಕಿಕೊಳ್ಳದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಹಾಗೆ ತಿಕ್ಕಿ ತಿಕ್ಕಿ ಮಣ್ಣು ಉದುರಿ, ಒಂದು ದಿನ ಕಲ್ಲಿನ ಮೇಲೆ ಒಬ್ಬ ಕುದುರೆ ಸವಾರ ಕಾಣಿಸಿಕೊಂಡ. ಕೈಯಲ್ಲಿ ಕತ್ತಿ, ಮುಖದಲ್ಲಿ ಮೀಸೆ. ನಮ್ಮ ವಂಶದಲ್ಲಿ ಒಬ್ಬ ದೊಡ್ಡ ಸವಾರ ಇದ್ದನೆಂದು, ನಮ್ಮ ಮುತ್ಯಾಗಳ ಮುತ್ಯಾ, ಮೂಲಪುರುಷ ಅವನೇ ಎಂದು ನಾನು ಮೊದಲಿನಿಂದಲೂ ಊರಿಗೆಲ್ಲ ಹೇಳುತ್ತಿದ್ದೆ. ಇಗೋ, ಸಿಕ್ಕಿದ! ಮೀಸೆ ಥೇಟ್ ನಮ್ಮಪ್ಪನದೇ.

ಊರೆಲ್ಲ ಹುಮನಾಬಾದದ ಸಂತೆಗೆ ಹೋಗಿದ್ದ ದಿನ ಹಾರೆ ಹಾಕಿ ಕಲ್ಲನ್ನು ಕಿತ್ತೆ. ಕುಳಿಗೆ ಮಣ್ಣು ಮುಚ್ಚಿದೆ. ಬಂಡಿಯಲ್ಲಿ ತಂದು ಕುದುರೆ ಲಾಯದಲ್ಲಿ ನಿಲ್ಲಿಸಿ ಜೋಳದ ಒಣ ದಂಟಿನ ಕಣಿಕೆ ಹೊದಿಸಿದೆ. ಗಡಿಗೆ ಬದು ಇದೆಯಲ್ಲ, ಕಲ್ಲೇಕೆ ಎಂಬುದು ನನ್ನ ವಾದ. ಆ ವಾದವನ್ನು ಮಳೆ ಕೇಳಲಿಲ್ಲ. ದೊಡ್ಡ ಮಳೆಯೊಂದು ಬಂದು ಬದುವನ್ನೆಲ್ಲ ತೊಳೆದುಕೊಂಡು ಹೋಯಿತು. ಕಲ್ಲೂ ಇಲ್ಲ, ಬದುವೂ ಇಲ್ಲ. ಅಕ್ಕನೇ ಕಲ್ಲು ಕಿತ್ತು ತನ್ನ ಹೊಲ ಒತ್ತಿದ್ದಾಳೆಂದು ಸಿದ್ರಾಮಪ್ಪ ಊರಿನ ಯಜಮಾನ ಪಾಟೀಲರ ಮುಂದೆ ಹೋಗಿ ಕೂತ. ಕಲ್ಲು ಇದ್ದದ್ದು ಇಲ್ಲೇ ಎಂದು ಅಕ್ಕ ಹೇಳಿದ ಜಾಗವನ್ನು ಅವನು ಒಪ್ಪಲಿಲ್ಲ.

ನಮ್ಮ ಕಡೆ ಬಾಂದುಕಲ್ಲು ಕೀಳುವುದೆಂದರೆ ಗುಡಿಯ ದೀಪ ಆರಿಸಿದಷ್ಟೇ ಪಾಪ. ಅಕ್ಕ ಗುಡಿಯಲ್ಲಿ ಆಣೆ ಮಾಡಲಿ ಎಂದರು ಹಿರಿಯರು.

"ಆಣಿ ಮಾಡತೀನ್ರಿ ಪಾಟೀಲರ," ಎಂದಳು ಅಕ್ಕ. "ಆದ್ರ ಕಳ್ಳಿ ಅನಿಸಿಕೊಂಡು ಆಣಿ ಮಾಡಿದ ಮ್ಯಾಲ ಈ ಊರಾಗ ನೀರು ಕುಡಿಯಂಗಿಲ್ಲ. ಕುರಿ ಹೊಡಕೊಂಡು ತವರಿಗೆ, ಕೊಡಂಬಲಕ್ಕ ಹೋಗಿಬಿಡತೀನಿ."

ಆಗ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ಪಾಟೀಲರು ನನ್ನ ಕಡೆಗೇ ತಿರುಗಿದರು. "ಹಳೇ ಕಲ್ಲಿನ ವಿಷಯ ನಿಮಗ ಗೊತ್ತಿದ್ದಷ್ಟು ಯಾರಿಗದ? ಬರ್ರಿ, ಜಾಗಾ ನೀವೇ ತೋರಸ್ರಿ." ಕಲ್ಲು ಕದ್ದವನೇ ತಜ್ಞನಾಗಿ ಕುದುರೆ ಏರಿದ. ಊರು ಹಿಂದೆ ನಡೆಯಿತು. ಜಾಗ ನಿಖರವಾಗಿ ತೋರಿಸಿದರೆ ನನ್ನ ಮೇಲೆ ಸಂಶಯ, ತಪ್ಪಿಸಿದರೆ ಅಕ್ಕನ ಹೊಲಕ್ಕೂ ಮಾನಕ್ಕೂ ಸಂಚಕಾರ. ಏನು ಮಾಡಲೆಂದು ನಾನು ಯೋಚಿಸುತ್ತಿರುವಾಗಲೇ ಚಾಂದನಿ ತನ್ನ ರೂಢಿಯಂತೆ ನೆಟ್ಟಗೆ ಮೂಲೆಗೆ ಹೋಗಿ, ಇಲ್ಲದ ಕಲ್ಲಿಗೆ ಕುತ್ತಿಗೆ ತಿಕ್ಕಲು ವಾಲಿತು. ಮುಂಗಾಲು ಹಸಿ ಮಣ್ಣಿನ ಕುಳಿಯಲ್ಲಿ ಹೂತಿತು. ನಾನು ಅದರ ಕಿವಿಗಳ ನಡುವಿನಿಂದ ಹಾರಿ ಕೆಸರಿನಲ್ಲಿ ಬೋರಲು ಬಿದ್ದೆ.

ಯಾರೂ ನನ್ನನ್ನು ಎತ್ತಲಿಲ್ಲ. ಎಲ್ಲರೂ ಕುಳಿ ನೋಡುತ್ತಿದ್ದರು. ಅಕ್ಕ ಹೇಳಿದ್ದ ಜಾಗದಲ್ಲೇ ಕುಳಿ, ಒಂದು ಗೇಣೂ ಆಚೀಚೆ ಇಲ್ಲ. "ಮೂಕ ಪ್ರಾಣಿ ಸಾಕ್ಷಿ ಹೇಳ್ತಪಾ!" ಎಂದರು ಪಾಟೀಲರು. "ಮತ್ತ ಕಲ್ಲ ಎಲ್ಲಿ ಹೋಯ್ತು?" ಎಂದ ಸಿದ್ರಾಮಪ್ಪ. ಕೆಸರಿನಿಂದ ಮುಖವೆತ್ತಿ, "ಮಳ್ಯಾಗ ಕೊಚ್ಚಿ ಹಳ್ಳಕ್ಕ ಹೋಗಿರಬೇಕ್ರಿ" ಎಂದೆ. ಇತಿಹಾಸದವರು ಹೇಳಿದ ಮೇಲೆ ಮುಗಿಯಿತು. ಮುಂದೆ ನಾನು ಬರೆದ ಊರಿನ ಚರಿತ್ರೆಯಲ್ಲಿ, ಸುಳ್ಳೆಂದು ನನಗೆ ಖಚಿತವಾಗಿ ಗೊತ್ತಿರುವ ಸಂಗತಿ ಅದೊಂದೇ. ಉಳಿದವು ಬರೀ ಅನುಮಾನ.

ಸಿದ್ರಾಮಪ್ಪ ತಲೆ ತಗ್ಗಿಸಿದ. ಅಕ್ಕ ಊರು ಬಿಡಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು. ಅಂದಿನಿಂದ ಅವಳು ಚಾಂದನಿಗೆ ರೊಟ್ಟಿ ಬೆಲ್ಲ ತಿನ್ನಿಸಲು ಲಾಯಕ್ಕೆ ಬರತೊಡಗಿದಳು. ನಾನು ಕಣಿಕೆಯ ಮುಂದೆ ಅಡ್ಡ ನಿಂತು ಹವಾಮಾನದ ಮಾತಾಡುತ್ತಿದ್ದೆ. ಒಂದು ದಿನ ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಹಸಿದ ಕುದುರೆ ಕಣಿಕೆಯನ್ನೆಳೆದು ತಿಂದಿತ್ತು. ಮೂಲಪುರುಷ ಮೀಸೆ ಸಮೇತ ಬಯಲಾಗಿದ್ದ. ಅಕ್ಕ ಎದುರಿಗೆ ನಿಂತಿದ್ದಳು. ಕಲ್ಲನ್ನೂ ನನ್ನನ್ನೂ ನೋಡಿದಳು. ಆಮೇಲೆ ಬಾಗಿ, ಉಳಿದ ಕಣಿಕೆಯನ್ನು ಒಟ್ಟುಮಾಡಿ ಕಲ್ಲಿನ ಮೇಲೆ ಎಳೆದಳು.

"ಸರಿಯಾಗಿ ಮುಚ್ಚಿ ಇಡು ತಮ್ಮಾ. ನಿಮ್ಮ ಮುತ್ಯಾಗ ಥಂಡಿ ಹತ್ತೀತು."

ಅಷ್ಟೇ ಹೇಳಿ ಹೋದಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಇನ್ನು ಮುಚ್ಚಿಡುವುದೇನೂ ಇಲ್ಲ ಎಂದು ನಾನು ಎಷ್ಟು ಹಗುರಾದೆನೆಂದರೆ, ಆ ಹಗುರದಲ್ಲಿ ತಪ್ಪಾಯಿತು ಎನ್ನುವುದನ್ನೇ ಮರೆತೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅವಳು ತೀರಿಕೊಳ್ಳುವವರೆಗೂ ನನಗೆ ನಾಳೆಗಳ ಕೊರತೆಯೇನೂ ಇರಲಿಲ್ಲ. ನನ್ನ ಚರಿತ್ರೆಯ ಪುಸ್ತಕದಲ್ಲಿ ಚಾಂದನಿಯ ಹೆಸರಿದೆ, ಅದರ ತಾಯಿ ಕುದುರೆಯ ಹೆಸರೂ ಇದೆ. ಆ ಹೆಣ್ಣುಮಗಳನ್ನು ಮಾತ್ರ 'ಪಕ್ಕದ ಹೊಲದವರು' ಎಂದು ಬರೆದು ಮುಂದೆ ಹೋಗಿದ್ದೇನೆ. ಅವಳ ಹೆಸರು ನೀಲಮ್ಮ.